ಬೆರಳು ಮಡಚಿದರೆ ಬಿಡಿಸಲು ಆಗುತ್ತಿಲ್ಲ: ಟ್ರಿಗರ್ ಫಿಂಗರ್ ಆಪರೇಷನ್ ಯಾರ ಹತ್ತಿರ ಮಾಡಿಸುವುದು?

ಹಾಸನದವಳು: ಅಮ್ಮನಿಗೆ 58, ಶುಗರ್ ಇದೆ. ಬಲಗೈ ಉಂಗುರದ ಬೆರಳು ಬೆಳಿಗ್ಗೆ ಮಡಚಿಕೊಂಡೇ ಇರುತ್ತದೆ, ಇನ್ನೊಂದು ಕೈಯಿಂದ ಎಳೆದರೆ ಟಕ್ಕಂತ ಬಿಡುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವು ತಿಂಗಳು ಆರಾಮಿದ್ದು ಮತ್ತೆ ಶುರುವಾಗಿದೆ. ಮೂಳೆ ಡಾಕ್ಟರಾ, ಪ್ಲಾಸ್ಟಿಕ್ ಸರ್ಜನ್ನಾ? ಮುದ್ದೆ ಕೋಲು ಹಿಡಿಯಲು ಎಷ್ಟು ದಿನ ಬೇಕು?

ಕೈಮದ್ದು: ಇಬ್ಬರೂ ಮಾಡುತ್ತಾರೆ. ಹ್ಯಾಂಡ್ ಸರ್ಜರಿಯಲ್ಲಿ ಪ್ರತ್ಯೇಕ ತರಬೇತಿ ಪಡೆದವರನ್ನು ಹುಡುಕಿ. ದಿನವಿಡೀ ಮಂಡಿ ಬದಲಾಯಿಸುವವರಿಗಿಂತ ಅವರು ಮೇಲು. ಅಂಗೈಯಲ್ಲಿ ಬೆರಳಿನ ಬುಡಕ್ಕೆ ಎ1 ಪುಲ್ಲಿ ಎಂಬ ಪಟ್ಟಿ ಇದೆ. ಅದು ದಪ್ಪವಾಗಿ, ಕೆಳಗೆ ಹಾಯುವ, ಬೆರಳು ಮಡಚುವ ಸ್ನಾಯುರಜ್ಜು (ಟೆಂಡನ್) ಗಂಟುಕಟ್ಟಿ ಸಿಕ್ಕಿಬೀಳುತ್ತದೆ. ಆಪರೇಷನ್ ಎಂದರೆ ಆ ಪಟ್ಟಿಯನ್ನು ಸೀಳುವುದು, ಅಷ್ಟೇ. ಸುಮಾರು ಒಂದೂವರೆ ಸೆಂಟಿಮೀಟರ್ ಗಾಯ, ಹೆಚ್ಚೆಂದರೆ ಇಪ್ಪತ್ತು ನಿಮಿಷ, ಅದೇ ದಿನ ಮನೆಗೆ.

ಜಾಗ ಮಾತ್ರ ಮರಗಟ್ಟಿಸಿ, ಎಚ್ಚರವಿರುವಾಗಲೇ ಮಾಡುತ್ತಾರಾ ಎಂದು ಖಂಡಿತ ಕೇಳಿ. ಟೇಬಲ್ ಮೇಲೆಯೇ ಬೆರಳು ಮಡಚಿಸಿ, ಬಿಡಿಸಿ ನೋಡಿದರೆ ಪಟ್ಟಿ ಪೂರ್ತಿ ಬಿಟ್ಟಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅರೆಬರೆ ಸೀಳಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಎ2 ಪುಲ್ಲಿಯನ್ನೂ ಕತ್ತರಿಸಿಬಿಟ್ಟರೆ ಸ್ನಾಯುರಜ್ಜು ಬಿಲ್ಲಿನ ಹೆದೆಯಂತೆ ಎದ್ದು ನಿಲ್ಲುತ್ತದೆ. ಸೂಜಿಯಿಂದಲೂ ಬಿಡಿಸುತ್ತಾರೆ, ಉಂಗುರದ ಬೆರಳಿಗೆ ಅದು ಸರಿ. ಹೆಬ್ಬೆರಳಿಗೆ ನನಗೆ ಒಪ್ಪಿಗೆಯಿಲ್ಲ, ಅಲ್ಲಿ ನರ ತೀರಾ ಪಕ್ಕದಲ್ಲೇ ಹಾಯುತ್ತದೆ.

ಬೆಂಗಳೂರಿಗೆ ಬರಬಹುದಾದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಸರ್ಕಾರಿ ಮೂಳೆ ಆಸ್ಪತ್ರೆ, ಅಲ್ಲೂ ವಿಚಾರಿಸಿ.

ಶುಗರ್ ಡೈರಿ: ಮೊದಲು ಎಚ್‌ಬಿಎ1ಸಿ ಮಾಡಿಸಿ, ಅದು ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ. ಅದು ಜಾಸ್ತಿಯಿದ್ದರೆ ಗಾಯ ಕೀವಾಗುವ ಅಪಾಯ ಜಾಸ್ತಿ. ಶುಗರ್ ಇದ್ದವರಿಗೆ ಇಂಜೆಕ್ಷನ್ ಫಲ ಕೊಡುವುದೂ ಕಡಿಮೆ, ಕೊಟ್ಟ ಮೇಲೆ ಕೆಲವು ದಿನ ಶುಗರ್ ಏರುತ್ತದೆ ಬೇರೆ. ಸಂಧಿವಾತ ಇದ್ದರೆ ಮುಂಚೆಯೇ ಹೇಳಿ, ಆಗ ಆಪರೇಷನ್ನಿನ ರೀತಿಯೇ ಬೇರೆ.

ಹಾಸನದವಳು: ಆಮೇಲೆ ಬೆರಳು ಆಡಿಸದೆ ಇಡಬೇಕಾ?

ಫಿಸಿಯೋ ಅಕ್ಕ: ಬೇಡಮ್ಮ, ಅವತ್ತೇ ಆಡಿಸಬೇಕು. ಗಂಟೆಗೊಮ್ಮೆ ಹತ್ತು ಸಲ ಪೂರ್ತಿ ಮುಷ್ಟಿ, ಪೂರ್ತಿ ಬಿಡಿಸುವುದು. ನೋವೆಂದು ಸುಮ್ಮನಿಟ್ಟರೆ ಸ್ನಾಯುರಜ್ಜು ಅಂಟಿಕೊಂಡು ಬೆರಳು ಬಿರುಸಾಗುತ್ತದೆ. ಮೊದಲ ಎರಡು ಮೂರು ದಿನ ಕೈ ಎದೆಗಿಂತ ಮೇಲಿರಲಿ. ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ, ಅಲ್ಲಿವರೆಗೆ ಪಾತ್ರೆ ತೊಳೆಯುವುದು ಬೇಡವೇ ಬೇಡ. ಚಮಚ ಹಿಡಿಯುವುದು, ಗುಂಡಿ ಹಾಕುವುದು ಕೆಲವೇ ದಿನಕ್ಕೆ ಆಗುತ್ತದೆ. ಮುದ್ದೆ ತಿರುವಲು ನಾಲ್ಕರಿಂದ ಆರು ವಾರ ಬಿಡಿ, ಕೋಲು ಒತ್ತುವುದು ಸರಿಯಾಗಿ ಗಾಯದ ಮೇಲೆಯೇ. ಆ ಜಾಗ ಎರಡು ಮೂರು ತಿಂಗಳು ಮುಟ್ಟಿದರೆ ನೋಯುವುದು ಸಹಜ. ಗಾಯ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ. ಬೆರಳು ತುಂಬಾ ದಿನದಿಂದ ಮಡಚಿಕೊಂಡೇ ಇದ್ದರೆ ನಡುಗೆಣ್ಣು ಬಿಗಿದಿರುತ್ತದೆ, ಅದಕ್ಕೆ ರಾತ್ರಿ ಸ್ಪ್ಲಿಂಟ್ (ಬೆರಳನ್ನು ನೆಟ್ಟಗೆ ಹಿಡಿದಿಡುವ ಆಸರೆ) ಬೇಕಾಗಬಹುದು. ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ, ಬೆರಳ ತುದಿ ಮರಗಟ್ಟಿಯೇ ಉಳಿದರೆ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ಸರ್ಜನ್ ಹತ್ತಿರ ಹೋಗಿ.