ಎರಡೇ ಮಳೆಗಾಲಕ್ಕೆ ಜಿಐ ಪೈಪಿಗೆ ತುಕ್ಕು: ಶೇಡ್‌ನೆಟ್‌ಗೆ ಯಾವುದು ತಗೊಳ್ಳಲಿ?

ಕುಮಟಾ ತೋಟ:
ಕಾಳುಮೆಣಸಿನ ಸಸಿಗಾಗಿ ಎರಡು ವರ್ಷದ ಹಿಂದೆ ಶೇಡ್‌ನೆಟ್ ಮನೆ ಕಟ್ಟಿಸಿದ್ದೆ. ಸಮುದ್ರ ಇಲ್ಲಿಂದ ಒಂದು ಕಿಲೋಮೀಟರ್ ಒಳಗೇ ಇದೆ. ಒಂದಿಂಚಿನ ಪೈಪ್, ಅಂಗಡಿಯಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಅಂತಲೇ ಕೊಟ್ಟರು. ಈಗ ನೋಡಿದರೆ ಪೈಪಿನ ಉದ್ದಕ್ಕೂ ಗೆರೆ ಎಳೆದ ಹಾಗೆ ತುಕ್ಕು. ವೆಲ್ಡಿಂಗ್ ಮಾಡಿದ ಕಡೆ ಇನ್ನೂ ಜಾಸ್ತಿ. ಎನಾಮೆಲ್ ಪೇಂಟ್ ಬಳಿಸಿದ್ದೆ, ಅದೂ ಸಿಪ್ಪೆ ಎದ್ದು ಹೋಯಿತು. ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಬೇಕು. ಈ ಸಲ ಹೆವಿ ಪೈಪೇ ಹಾಕಬೇಕಾ? ಖರ್ಚು ನೆನೆದರೆ ಭಯವಾಗುತ್ತದೆ.

ಹುಬ್ಬಳ್ಳಿ ಫ್ಯಾಬ್ರಿಕೇಶನ್:
ಆ ಗೆರೆಯೇ ಅರ್ಧ ಉತ್ತರ ಕೊಡುತ್ತಿದೆ. ಉಳಿದ 6 ಮೀಟರ್ ಪೈಪ್ ಒಂದಾದರೂ ಇದ್ದರೆ ತೂಕ ಮಾಡಿ. ಟಾರ್ಚ್ ಬಿಟ್ಟು ಒಳಗೂ ನೋಡಿ.

ಕುಮಟಾ ತೋಟ:
ಏಳೂವರೆ ಕೆಜಿ ಬಂತು. ಒಳಗೆ ಬೆಳ್ಳಗೇ ಇದೆ, ಆದರೆ ಉದ್ದಕ್ಕೂ ಒಂದು ಕಂದು ಗೆರೆ.

ಹುಬ್ಬಳ್ಳಿ ಫ್ಯಾಬ್ರಿಕೇಶನ್:
ಹಾಗಾದರೆ ಅದು ಜಿಪಿ ಪೈಪ್. ಮೊದಲೇ ಸತು ಹಚ್ಚಿದ ತಗಡಿನ ಪಟ್ಟಿಯನ್ನು ಸುತ್ತಿ, ಅಂಚು ಬೆಸೆದು ಮಾಡುತ್ತಾರೆ. ಬೆಸೆದ ಜಾಗದಲ್ಲಿ ಸತು ಸುಟ್ಟು ಹೋಗುತ್ತದೆ. ಹೊರಗೆ ಅದರ ಮೇಲೆ ಬೆಳ್ಳಿ ಬಣ್ಣದ ಪಟ್ಟಿ ಬಳಿಯುತ್ತಾರೆ, ಒಳಗೆ ಹಾಗೇ ಉಳಿಯುತ್ತದೆ. ನಿಮ್ಮ ಗೆರೆ ಅದೇ. ಗೋಡೆಯ ದಪ್ಪವೂ ಬರೀ 1.6 ಮಿಮೀ ಇರಬೇಕು.

ಹಾಟ್ ಡಿಪ್ ಪೈಪೇ ಬೇರೆ. ಪೈಪ್ ತಯಾರಾದ ಮೇಲೆ, ಸುಮಾರು 450 ಡಿಗ್ರಿ ಬಿಸಿಯ ಸತುವಿನ ತೊಟ್ಟಿಯಲ್ಲಿ ಇಡೀ ಪೈಪನ್ನು ಮುಳುಗಿಸುತ್ತಾರೆ. ಒಳಗೂ ಹೊರಗೂ ಬೆಸುಗೆಯ ಮೇಲೂ ಸತು ಕೂರುತ್ತದೆ. ಐಎಸ್ 4736 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಚದರ ಮೀಟರಿಗೆ 400 ಗ್ರಾಂ ಸತು, ಅಂದರೆ ಸುಮಾರು 56 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಮೀ). ಜಿಪಿಯಲ್ಲಿ 120 ಗ್ರಾಂ ಅಂದರೆ ತಗಡಿನ ಎರಡೂ ಬದಿ ಸೇರಿಸಿದ ಲೆಕ್ಕ. ಒಂದು ಬದಿಗೆ 8 ಮೈಕ್ರಾನ್ ಚಿಲ್ಲರೆ ಅಷ್ಟೇ. ಕಡಲ ಗಾಳಿ ವರ್ಷಕ್ಕೆ 2ರಿಂದ 8 ಮೈಕ್ರಾನ್ ಸತು ತಿನ್ನಬಲ್ಲದು. ಎರಡೇ ಮಳೆಗಾಲಕ್ಕೆ ಹೀಗಾದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹೆವಿ ಬೇಡ. ಲೈಟ್, ಮೀಡಿಯಂ, ಹೆವಿ ಅನ್ನುವುದು ಐಎಸ್ 1239ರಲ್ಲಿ ಗೋಡೆಯ ದಪ್ಪದ ಮಾತು, ಸತುವಿನ ಮಾತಲ್ಲ. ಒಂದಿಂಚಿಗೆ ಕ್ರಮವಾಗಿ 2.6, 3.2, 4 ಮಿಮೀ. ಗುರುತಿಗೆ ಹಳದಿ, ನೀಲಿ, ಕೆಂಪು ಪಟ್ಟಿ. ನೆಟ್ ಹೊರುವ ಅಡ್ಡ ಪೈಪಿಗೆ ಹಾಟ್ ಡಿಪ್ ಲೈಟ್ ಸಾಕು, ಕಂಬಕ್ಕೆ ಮೀಡಿಯಂ. 6 ಮೀಟರಿಗೆ ಲೈಟ್ 12 ಕೆಜಿ, ಮೀಡಿಯಂ 14 ಕೆಜಿ ದಾಟಬೇಕು. ಅಂಗಡಿಯಲ್ಲೇ ತೂಗಿಸಿ, ಮುಜುಗರ ಬೇಡ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಎಷ್ಟೇ ಒಳ್ಳೆ ಪೈಪ್ ತಂದರೂ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಹೋದ ಹಾಗೆಯೇ. ಕ್ಲಾಂಪ್, ಬೋಲ್ಟ್ ಹಾಕಿ. ಅವೂ ಹಾಟ್ ಡಿಪ್ ಆಗಿರಲಿ. ವೆಲ್ಡಿಂಗ್ ತಪ್ಪಿಸಲು ಆಗದಿದ್ದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಮಾಡಿಸಿ. ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ, ನಮ್ಮ ಹುಡುಗರಿಗೆ ಬಂದಿದ್ದನ್ನು ನೋಡಿದ್ದೇನೆ. ಆಮೇಲೆ ತಂತಿ ಬ್ರಷ್‌ನಲ್ಲಿ ಉಜ್ಜಿ ಜಿಂಕ್ ರಿಚ್ ಪೇಂಟ್ (ಸತುವಿನ ಪುಡಿ ಹೆಚ್ಚಿರುವ ಬಣ್ಣ) ಬಳಿಯಿರಿ. ಎನಾಮೆಲ್ ಪೇಂಟಿನ ಎಣ್ಣೆ ಸತುವಿನ ಜೊತೆ ಸೇರಿ ಸಾಬೂನಿನಂಥ ಪದರ ಆಗುತ್ತದೆ, ಅದಕ್ಕೇ ಸಿಪ್ಪೆ ಎದ್ದಿದ್ದು. ಕಂಬದ ತಲೆಗೆ ಮುಚ್ಚಳ ಇರಲಿ. ಬುಡದ ಕಾಂಕ್ರೀಟ್ ಮಣ್ಣಿಗಿಂತ ಮೇಲೆ ಬರಲಿ, ನೀರು ಇಳಿಯುವ ಹಾಗೆ ಇಳಿಜಾರು ಕೊಡಿ.

ಚಳ್ಳಕೆರೆ ರೈತ:
ನಮ್ಮ ಒಣ ಸೀಮೆಯಲ್ಲಿ 2 ಮಿಮೀ ಜಿಪಿ, 275 ಗ್ರಾಂನದು, ಆರು ವರ್ಷದಿಂದ ಚೆನ್ನಾಗಿದೆ. ಎಲ್ಲ ಕಡೆ ಹಾಟ್ ಡಿಪ್ಪೇ ಬೇಕು ಅಂತಿಲ್ಲ.

ಹುಬ್ಬಳ್ಳಿ ಫ್ಯಾಬ್ರಿಕೇಶನ್:
ಸರಿಯಾದ ಮಾತು. ಅಲ್ಲಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಕುಮಟಾಕ್ಕೆ ಮಾತ್ರ ಬೇಡ.

ಕುಮಟಾ ತೋಟ:
ನಿನ್ನೆ ತಂದೆ. ಹಳದಿ ಪಟ್ಟಿಯದು 12.3 ಕೆಜಿ ತೂಗಿತು, ಒಳಗೆ ಗೆರೆ ಇಲ್ಲ, ಅಲ್ಲಲ್ಲಿ ಸತು ಹನಿ ಗಟ್ಟಿಯಾಗಿ ನಿಂತಿದೆ. ಕಂಬಕ್ಕೆ ನೀಲಿ ಪಟ್ಟಿಯದು. ಹಳೆ ಮನೆಯ ಕಂಬದ ಬುಡವನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ. ಒಂದರಲ್ಲಿ ತಗ್ಗು ಬಿತ್ತು. ಮಳೆ ಹಿಡಿಯುವ ಮೊದಲು ಅದನ್ನು ಬದಲಾಯಿಸಿ, ಉಳಿದವಕ್ಕೆ ಬ್ರಷ್ ಹಾಕಿಸುತ್ತೇನೆ.