ಕಸೂತಿ ಮೇಲೆ ಪ್ರೊಜೆಕ್ಟರ್ ಬೆಳಕು ಬಿಟ್ಟರೆ ಹೊಲಿಗೆಯೇ ಕಾಣುತ್ತಿಲ್ಲ, ಏನು ಮಾಡಲಿ?

ಕಾಫಿಕಣ, ಮಡಿಕೇರಿ:
ತೋಟದ ಹಳೇ ಗೋಡೌನಿನಲ್ಲಿ ಒಂದು ಪ್ರದರ್ಶನ ಮಾಡಬೇಕು ಅಂತಿದ್ದೇನೆ. ಕಪ್ಪು ಚಂದ್ರಕಾಳಿ ಸೀರೆ ಮೇಲೆ ಧಾರವಾಡದ ಕಸೂತಿ, ಅದರ ಮೇಲೆ ಬ್ರಹ್ಮಗಿರಿಯ ಮಂಜಿನ ವಿಡಿಯೊ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವಾಗ ಇದ್ದಕ್ಕಿದ್ದಂತೆ ಮಂಜು ಕವಿದು ಎದುರಿನ ಬೆಟ್ಟವೇ ಮಾಯವಾಗುತ್ತಲ್ಲ, ಮೈ ಜುಮ್ಮೆನ್ನುತ್ತೆ, ಭಯವೂ ಆಗುತ್ತೆ, ಆದರೂ ಅಲ್ಲಿಂದ ಕದಲೋಕೆ ಮನಸ್ಸಾಗಲ್ಲ. ನೋಡುವವರಿಗೆ ಅದೇ ಆಗಬೇಕು. ಈಗ ಮಂಜು ಮಂಕಾಗಿದೆ, ಕೆಂಪು ದಾರದಲ್ಲಿ ಹೊಲಿದ ಗೋಪುರದ ಚಿತ್ತಾರ ಕಾಣೋದೇ ಇಲ್ಲ. ಜಾಸ್ತಿ ಲ್ಯೂಮೆನ್ಸ್ (ಬೆಳಕಿನ ಪ್ರಮಾಣ) ಇರುವ ಪ್ರೊಜೆಕ್ಟರ್ ತರಬೇಕಾ?

ಲೈಟಿಂಗ್_ಕುಶಾಲನಗರ:
ಬೇಡ, ಸುಮ್ನೆ ದುಡ್ಡು ದಂಡ. ನಾನು ಮಡಿಕೇರಿ ದಸರಾ ಮಂಟಪಗಳಿಗೆ ಲೈಟಿಂಗ್ ಮಾಡ್ತೀನಿ. ಕಪ್ಪು ಬಟ್ಟೆ ಬೆಳಕನ್ನು ನುಂಗುತ್ತೆ, ಅಲ್ಲಿ ವಿಡಿಯೊ ನಿಲ್ಲಲ್ಲ. ನಿಮ್ಮ ಮಂಜು ನೀಲಿ ಛಾಯೆಯದು ಅಲ್ವಾ? ಕೆಂಪು ದಾರ ನೀಲಿ ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತೆ. ಇದನ್ನೇ ಬಳಸಿಕೊಳ್ಳಿ. ವಿಡಿಯೊ ಬಿಡಿ, ಬರೀ ಬಣ್ಣ ಹಾಯಿಸಿ. ನೀಲಿಯಲ್ಲಿ ಬಿಳಿ ದಾರ ಮಾತ್ರ ಉಳಿಯುತ್ತೆ. ಆಮೇಲೆ ನಿಧಾನವಾಗಿ ಕೆಂಪು ತಂದರೆ ಇಲ್ಲದ ಗೋಪುರ ಕತ್ತಲಿಂದ ಎದ್ದು ಬರುತ್ತೆ. ಮಂಜು ಸರಿದಾಗ ಬೆಟ್ಟ ಬರುವುದೂ ಹಾಗೇ ತಾನೆ?
ಬೆಳಕು ಹೊಲಿಗೆ ಮೇಲಷ್ಟೇ ಬೀಳಬೇಕಾದರೆ ಲೆನ್ಸ್ ಇರುವ ಜಾಗದಿಂದಲೇ ಬಟ್ಟೆಯ ಫೋಟೊ ತೆಗೆದು, ಬೆಳಕು ಎಲ್ಲೆಲ್ಲಿ ಬೀಳಬೇಕು ಅಂತ ಗುರುತಿಸುವ ಮ್ಯಾಪಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಲಿಗೆ ಬಿಟ್ಟು ಉಳಿದದ್ದೆಲ್ಲ ಕಪ್ಪು ಮಾಡಿ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ, ಗಾಳಿಗೆ ಸ್ವಲ್ಪ ಅಲುಗಾಡಿದರೂ ಲೆಕ್ಕ ತಪ್ಪುತ್ತೆ. ನಮ್ಮ ಮಳೆಗಾಲದಲ್ಲಂತೂ ಬೇಡವೇ ಬೇಡ, ತೇವಕ್ಕೆ ಬಟ್ಟೆ ಜೋಲುತ್ತೆ, ರೇಷ್ಮೆಗೆ ಬೂಷ್ಟು ಹಿಡಿಯುತ್ತೆ.

ಸೂಜಿದಾರ, ವಿರಾಜಪೇಟೆ:
ನನ್ನ ತವರು ಧಾರವಾಡ, ಕಸೂತಿ ಅಮ್ಮನಿಂದ ಕಲಿತದ್ದು. ಲೈಟಿಂಗ್ ಅಣ್ಣ ಹೇಳಿದ್ದು ಸರಿ, ಆದರೆ ಒಂದು ಮಾತು. ಆನೆ, ತೇರು, ನವಿಲುಗಳನ್ನು ದಯವಿಟ್ಟು ಕಂಪ್ಯೂಟರ್‌ನಲ್ಲಿ ಕುಣಿಸಬೇಡಿ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಿದ ಹೊಲಿಗೆ ಅದು, ಅಲುಗಾಡದೆ ನಿಂತಿರುವುದೇ ಅದರ ಶಕ್ತಿ.
ಇನ್ನೊಂದು, ಬಟ್ಟೆಯನ್ನು ಗೋಡೆಗೇ ಯಾಕೆ ಹಾಕಬೇಕು? ಕಸೂತಿಯ ಗವಂತಿ, ಮುರ್ಗಿ ಅನ್ನೋ ಹೊಲಿಗೆಗಳಿಗೆ ಗಂಟು ಹಾಕುವುದಿಲ್ಲ. ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು ಖಾಲಿ ಬಿಟ್ಟಿದ್ದನ್ನು ತುಂಬುತ್ತೆ, ಹಾಗಾಗಿ ಎರಡೂ ಕಡೆ ಒಂದೇ ತರ ಕಾಣುತ್ತೆ. (ಮೆಂತೆ ಹೊಲಿಗೆ ಹಾಗಲ್ಲ, ಅದರ ಹಿಂಭಾಗ ಬೇರೆ.) ಗೋಡೌನಿನ ನಡುವೆ ತೂಗುಹಾಕಿ, ಎರಡೂ ಕಡೆಯಿಂದ ಬೆಳಕು ಬಿಡಿ. ಜನ ಸುತ್ತಲೂ ನಡೆಯಲಿ. ಅಷ್ಟು ದೊಡ್ಡ ಕತ್ತಲಲ್ಲಿ ಬೆರಳಗಲದ ಗೋಪುರ ಒಂದೇ ಹೊಳೆಯುತ್ತಿದ್ದರೆ ನಿಮಗೆ ಬೇಕಾದ ಭಯ ತಾನಾಗೇ ಬರುತ್ತೆ.

ಕಾಫಿಕಣ, ಮಡಿಕೇರಿ:
ಅಕ್ಕಾ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಿಡಿಯೊ ಕೈಬಿಟ್ಟೆ. ಎರಡು ಪ್ರೊಜೆಕ್ಟರ್ ಎದುರು ಬದುರು ಇಟ್ಟರೆ ಬೆಳಕು ನಡೆಯುವವರ ಕಣ್ಣಿಗೇ ಹೊಡೆಯುತ್ತಲ್ಲ, ಅದಕ್ಕೇನು ಮಾಡೋದು?

ಲೈಟಿಂಗ್_ಕುಶಾಲನಗರ:
ತೊಲೆಗೆ ಕಟ್ಟಿ, ಮೇಲಿಂದ ಓರೆಯಾಗಿ ಬಿಡಿ. ದಾರದ ಉಬ್ಬೂ ಚೆನ್ನಾಗಿ ಕಾಣುತ್ತೆ.