ಕೆರೆಯ ಉಪಗ್ರಹ ಚಿತ್ರ 4 ಅಡಿಗೆ ಪ್ರಿಂಟ್ ಮಾಡಿಸಿದರೆ ಮಸುಕು ಬರ್ತಿದೆ, ಏನು ಮಾಡೋದು?

ಕೋಡಿಹತ್ರ:

ನಮಸ್ಕಾರ ಎಲ್ಲರಿಗೂ. ನಮ್ಮದು ಕೋಲಾರದ ಕಡೆ. ಊರ ಕೆರೆ ಹೂಳೆತ್ತುವ ಮುಂಚೆ ಕೆರೆ, ರಾಜಕಾಲುವೆಗಳು, ಸುತ್ತಲಿನ ಹೊಲ ಎಲ್ಲಾ ಒಟ್ಟಿಗೆ ಕಾಣುವ ದೊಡ್ಡ ಚಿತ್ರವೊಂದನ್ನು ಸಮುದಾಯ ಭವನದ ಗೋಡೆಗೆ ಹಾಕಬೇಕು ಅಂತ ತೀರ್ಮಾನವಾಗಿದೆ. ಹಿರಿಯರು ಹತ್ತಿರ ನಿಂತು, ಇಲ್ಲಿ ಕಾಲುವೆ ಇತ್ತು, ಇಲ್ಲಿ ಮುಚ್ಚಿಹಾಕಿದ್ದಾರೆ ಅಂತ ಬೆರಳಿಟ್ಟು ತೋರಿಸಬೇಕು, ನಾವು ಮಾರ್ಕರ್‌ನಲ್ಲಿ ಗುರುತು ಹಾಕಬೇಕು. ಗೂಗಲ್ ಅರ್ಥ್‌ನಲ್ಲಿ ಸುಮಾರು 3 ಕಿ.ಮೀ. ಅಗಲ ಕಾಣುವ ಹಾಗೆ ಇಟ್ಟು ಸ್ಕ್ರೀನ್‌ಶಾಟ್ ತೆಗೆದು 4 ಅಡಿ ಅಗಲಕ್ಕೆ ಪ್ರಿಂಟ್ ಮಾಡಿಸಿದೆವು. ಲ್ಯಾಪ್‌ಟಾಪ್‌ನಲ್ಲಿ ಸಖತ್ತಾಗಿತ್ತು. ಗೋಡೆ ಮೇಲೆ ನೋಡಿದರೆ ಏರಿ ಮೇಲಿನ ರಸ್ತೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ಜಾಲಿ ಮರಗಳೆಲ್ಲ ಸೇರಿ ಒಂದು ಕಪ್ಪು ಮುದ್ದೆ. ಅಂಗಡಿಯವರು 'ಫೈಲ್ 72 ಡಿಪಿಐ ಇದೆ, 300 ಮಾಡಿಕೊಂಡು ಬನ್ನಿ' ಅಂದರು (ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕವಂತೆ). ಫೋಟೋಶಾಪ್‌ನಲ್ಲಿ 300 ಮಾಡಿದ್ದೂ ಆಯ್ತು, ಕೊಂಚವೂ ವ್ಯತ್ಯಾಸವಿಲ್ಲ. ಪ್ರಿಂಟರ್ ಸರಿ ಇಲ್ವಾ?

ನಕಾಶೆಗಿರಾಕಿ:

ಪ್ರಿಂಟರ್ ಸರಿಯಾಗೇ ಇದೆ ಬಿಡಿ. 72 ಇದ್ದಿದ್ದನ್ನು 300 ಅಂತ ಬದಲಾಯಿಸಿದರೆ ಫೈಲ್ ಮೇಲಿನ ಚೀಟಿ ಬದಲಾಗುತ್ತೆ ಅಷ್ಟೇ, ಒಳಗಿನ ಪಿಕ್ಸೆಲ್ ಒಂದೂ ಜಾಸ್ತಿ ಆಗಲ್ಲ. ರೀಸ್ಯಾಂಪಲ್ ಟಿಕ್ ಹಾಕಿ ಹಿಗ್ಗಿಸಿದರೆ ಪಿಕ್ಸೆಲ್ ಜಾಸ್ತಿ ಆಗುತ್ತೆ, ಆದರೆ ಅವು ಪಕ್ಕದ ಬಣ್ಣ ನೋಡಿ ಕಂಪ್ಯೂಟರ್ ತುಂಬಿಸಿದವು. ಅದರಲ್ಲಿ ಹೊಸದಾಗಿ ಏನೂ ಕಾಣಲ್ಲ.

ಲೆಕ್ಕ ಹೀಗೆ ಹಾಕಿ. ನಿಮ್ಮ ಸ್ಕ್ರೀನ್ 1920 ಪಿಕ್ಸೆಲ್ ಅಗಲ ಇರಬೇಕು. 4 ಅಡಿ ಅಂದರೆ 48 ಇಂಚು. ಭಾಗಿಸಿದರೆ ಇಂಚಿಗೆ ಬರೀ 40 ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲೂ ಕಾಗದದ ಮೇಲೆ ಅರ್ಧ ಮಿಲಿಮೀಟರಿಗಿಂತ ದೊಡ್ಡ ಚೌಕ, ಮೆಟ್ಟಿಲು ಕಾಣದೆ ಇನ್ನೇನು? ನೆಲದ ಲೆಕ್ಕ ಇನ್ನೂ ಮುಖ್ಯ: 3000 ಮೀಟರನ್ನು 1920ರಿಂದ ಭಾಗಿಸಿದರೆ ಪಿಕ್ಸೆಲ್ಲಿಗೆ ಸುಮಾರು 1.56 ಮೀಟರ್. 2 ಮೀಟರ್ ಅಗಲದ ಕಾಲುವೆಗೆ ನಿಮ್ಮ ಚಿತ್ರದಲ್ಲಿ ಸಿಕ್ಕಿರೋದು ಒಂದು ಪಿಕ್ಸೆಲ್, ಮಿಕ್ಕಿದರೆ ಎರಡು.

ಸ್ಕ್ರೀನ್‌ಶಾಟ್ ಬಿಡಿ. ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, 2015ರಿಂದ ಉಚಿತ. ಅದರಲ್ಲಿ ಸೇವ್ ಇಮೇಜ್ ಕೊಟ್ಟು ರೆಸಲ್ಯೂಷನ್ 'ಮ್ಯಾಕ್ಸಿಮಮ್' ಇಡಿ. ಅಗಲಕ್ಕೆ 4800 ಪಿಕ್ಸೆಲ್ ಸಿಕ್ಕಿದರೂ ಇಂಚಿಗೆ 100 ಆಯ್ತು. ತೆಗೆಯುವಾಗ ಟೆರೇನ್ (ನೆಲದ ಏರಿಳಿತ ತೋರಿಸುವ ಆಯ್ಕೆ) ಆಫ್ ಮಾಡಿ, ನೋಟ ನೇರ ಕೆಳಮುಖವಾಗಿರಲಿ, ಇಲ್ಲದಿದ್ದರೆ ಒಂದು ಕಡೆಯ ಅಳತೆ ಇನ್ನೊಂದು ಕಡೆಗೆ ಹೊಂದಲ್ಲ. ಕೆಳಗೆ ಬರುವ ಗೂಗಲ್ ಹೆಸರು ಮತ್ತು ಚಿತ್ರ ಕೊಟ್ಟವರ ಹೆಸರು ಕತ್ತರಿಸಬೇಡಿ.

ಫ್ಲೆಕ್ಸ್ಅಂಗಡಿ:

ನಾನು ಪ್ರಿಂಟಿಂಗ್ ಲೈನ್‌ನಲ್ಲೇ ಇದ್ದೀನಿ. 300 ಅನ್ನೋದು ಕೈಯಲ್ಲಿ ಹಿಡಿದು ನೋಡುವ ಪುಸ್ತಕ, ಲಗ್ನಪತ್ರಿಕೆಗೆ. ಗೋಡೆ ಮೇಲಿನದಕ್ಕೆ 100ರಿಂದ 150 ಇದ್ದರೆ ಧಾರಾಳ. ಇನ್ನೊಂದು, ಮಷೀನ್ ಮೇಲೆ 1440 ಡಿಪಿಐ ಅಂತ ಬರೆದಿರುತ್ತಲ್ಲ, ಅದು ಇಂಕ್ ಚುಕ್ಕೆಯ ಲೆಕ್ಕ. ಚಿತ್ರದ ಪಿಕ್ಸೆಲ್ಲಿಗೂ ಅದಕ್ಕೂ ಸಂಬಂಧ ಇಲ್ಲ, ಒಂದು ಪಿಕ್ಸೆಲ್ಲಿನ ಬಣ್ಣ ತೋರಿಸೋಕೆ ಮಷೀನ್ ಹತ್ತಾರು ಚುಕ್ಕೆ ಸಿಡಿಸುತ್ತೆ.

ದಯವಿಟ್ಟು ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ. ದಿನಾ ಇದೇ ಗೋಳು. ಅದು ಚಿತ್ರವನ್ನು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ ಅಥವಾ ಪೆನ್‌ಡ್ರೈವ್ ತನ್ನಿ. ಕಪ್ಪು ಮುದ್ದೆ ಅಂದಿರಲ್ಲ, ಅದಕ್ಕೆ ಕಾರಣ ಬೇರೆ. ಸ್ಕ್ರೀನ್ ಬೆಳಕು ಕೊಡುತ್ತೆ, ಕಾಗದ ಕೊಡಲ್ಲ, ಮೇಲಾಗಿ ಗಾಢ ಹಸಿರು ಇಂಕಿಗೆ ಬಂದಾಗ ಕಪ್ಪಿಗೇ ಹತ್ತಿರ. ಫೋಟೋಶಾಪ್‌ನ ಲೆವೆಲ್ಸ್‌ನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ಎತ್ತಿ, ಸ್ಕ್ರೀನ್ ಮೇಲೆ ಕೊಂಚ ಪೇಲವ ಅನ್ನಿಸುವಷ್ಟು. ಮಾರ್ಕರ್‌ನಲ್ಲಿ ಬರೆಯೋದಾದರೆ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ, ಗ್ಲಾಸಿ ಹಾಕಿದರೆ ಟ್ಯೂಬ್‌ಲೈಟ್ ಹೊಳಪಿಗೆ ಅರ್ಧ ನಕ್ಷೆ ಕಾಣಲ್ಲ.

ಲೇಯರ್‌ಲೇಯರ್:

ಫ್ಲೆಕ್ಸ್ಅಂಗಡಿಯವರ ಮಾತು ದೂರದಿಂದ ನೋಡುವವರಿಗೆ ಸರಿ. ಇಲ್ಲಿ ಬೆರಳಿಟ್ಟು ನೋಡ್ತಾರೆ, 100 ಅಂದರೆ ಕಡಿಮೆಯೇ. ಹಾಗಂತ ಸುಮ್ನೆ ಝೂಮ್ ಏರಿಸಿದರೂ ಪ್ರಯೋಜನವಿಲ್ಲ. ವೆಬ್ ನಕ್ಷೆಗಳಲ್ಲಿ ಝೂಮ್ 18 ಅಂದರೆ ನಮ್ಮ ಅಕ್ಷಾಂಶದಲ್ಲಿ ಪಿಕ್ಸೆಲ್ಲಿಗೆ ಸುಮಾರು 58 ಸೆಂ.ಮೀ., 19 ಅಂದರೆ 29 ಸೆಂ.ಮೀ., 20ಕ್ಕೆ ಅದರರ್ಧ. ಆದರೆ ಇಂಥ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಒಳ್ಳೆಯವು ಕಾಣೋದೇ ಪಿಕ್ಸೆಲ್ಲಿಗೆ 30ರಿಂದ 50 ಸೆಂ.ಮೀ. ವರ್ಲ್ಡ್‌ವ್ಯೂ-3 ಆದರೆ 31, ನಮ್ಮ ಇಸ್ರೋದ ಕಾರ್ಟೋಸ್ಯಾಟ್-3 ಕಪ್ಪು-ಬಿಳುಪಿನಲ್ಲಿ ಹೆಚ್ಚುಕಮ್ಮಿ ಅಷ್ಟೇ. ಹಳ್ಳಿ ಕಡೆ ಝೂಮ್ 20ರಲ್ಲಿ ಉಪಗ್ರಹದ ಚಿತ್ರ ಕಂಡರೆ ಅದು ಹಿಗ್ಗಿಸಿದ್ದು ಅಂತಲೇ ಲೆಕ್ಕ.

ಈಗ ಕಾಗದದ ಕಡೆಯಿಂದ ನೋಡಿ. 3 ಕಿ.ಮೀ.ಯನ್ನು 4 ಅಡಿಗೆ ಇಳಿಸಿದರೆ ಸ್ಕೇಲ್ ಸುಮಾರು 1:2460. 2 ಮೀಟರ್ ಕಾಲುವೆ ಕಾಗದದ ಮೇಲೆ 0.8 ಮಿ.ಮೀ. ದೇವರೇ ಬಂದು ಪ್ರಿಂಟ್ ಮಾಡಿದರೂ ಅಷ್ಟೇ! ಹಾಗಾಗಿ ಚಿತ್ರವನ್ನು ಹಿನ್ನೆಲೆಗಿಟ್ಟು ಕಾಲುವೆ, ಏರಿ, ತೂಬು, ಕೋಡಿ ಇವನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಗೆರೆಗಳಾಗಿ ಬರೆದುಕೊಳ್ಳಿ, ಹೊಲಗಳ ಸರ್ವೆ ನಂಬರ್ ಸರ್ಕಾರದ ದಿಶಾಂಕ್ ಆ್ಯಪ್ ನೋಡಿ ತುಂಬಿ. ಗೆರೆ ಮತ್ತು ಅಕ್ಷರ ಪಿಕ್ಸೆಲ್ ಅಲ್ಲ, ಪಿಡಿಎಫ್‌ನಲ್ಲಿ ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗೇ ಇರುತ್ತೆ. ಎಕ್ಸ್‌ಪೋರ್ಟ್ ಮಾಡುವಾಗ ಅಕ್ಷರಗಳನ್ನು ಔಟ್‌ಲೈನ್ ಆಗಿ ಉಳಿಸುವ ಆಯ್ಕೆ ಒತ್ತಿ. ಇಲ್ಲಾಂದ್ರೆ ಪ್ರಿಂಟ್ ಅಂಗಡಿಯ ಕೋರೆಲ್ (ಡಿಸೈನ್ ಸಾಫ್ಟ್‌ವೇರ್)‌ನಲ್ಲಿ ತೆರೆದಾಗ ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ.

ಕೋಡಿಹತ್ರ:

ತುಂಬಾ ಥ್ಯಾಂಕ್ಸ್. ಆದರೆ ಗೆರೆ ಬರೆಯೋಕೆ ನಮಗೇ ಕಾಲುವೆ ಎಲ್ಲಿದೆ ಅಂತ ಪೂರ್ತಿ ಗೊತ್ತಿಲ್ವಲ್ಲ, ಅದನ್ನು ಕೇಳೋಕೇ ಈ ನಕ್ಷೆ. ಡ್ರೋನ್ ಹಾರಿಸಿದರೆ ಆಗುತ್ತಾ?

ಲೇಯರ್‌ಲೇಯರ್:

ಆಗುತ್ತೆ, ಆದರೆ ಪೂರ್ತಿ ಜಾಗಕ್ಕೆ ಬೇಕಿಲ್ಲ. 20 ಮೆಗಾಪಿಕ್ಸೆಲ್ ಕ್ಯಾಮೆರಾದ ಫ್ಯಾಂಟಮ್ 4 ಪ್ರೊ 100 ಮೀಟರ್ ಎತ್ತರದಲ್ಲಿ ಪಿಕ್ಸೆಲ್ಲಿಗೆ 3 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ ಕೊಡುತ್ತೆ. 4 ಅಡಿಯ ಹಾಳೆಗೆ ಇಂಚಿಗೆ 250 ಪಿಕ್ಸೆಲ್ ಬೇಕು ಅಂದರೂ ನೆಲದ ಮೇಲೆ ಪಿಕ್ಸೆಲ್ಲಿಗೆ 25 ಸೆಂ.ಮೀ. ಸಾಕು, ಉಳಿದದ್ದೆಲ್ಲ ದುಡ್ಡು ದಂಡ.

ಅದರ ಬದಲು ದೊಡ್ಡ ಹಾಳೆಯನ್ನು ಊರಿನ ಒಟ್ಟು ನೋಟಕ್ಕೆ ಇಟ್ಟುಕೊಂಡು, ಕಾಲುವೆ ಕೆರೆಗೆ ಸೇರುವ ಕಡೆಗಳನ್ನು 1 ಕಿ.ಮೀ. ಅಗಲದ ತುಂಡುಗಳಾಗಿ ಎ2 ಹಾಳೆಯಲ್ಲಿ ಮಾಡಿಸಿ. ಆಗ 30 ಸೆಂ.ಮೀ. ಚಿತ್ರ ಇಂಚಿಗೆ 140 ಪಿಕ್ಸೆಲ್ ಕೊಡುತ್ತೆ, ಅದೇ 2 ಮೀಟರ್ ಕಾಲುವೆ 1.2 ಮಿ.ಮೀ. ಆಗುತ್ತೆ. ಹಿರಿಯರು ಟೇಬಲ್ ಮೇಲೆ ಹರಡಿಕೊಂಡು ಕೂತೇ ನೋಡಬಹುದು. ಅರ್ಥ್ ಪ್ರೊದಲ್ಲಿ ಹಳೆಯ ಚಿತ್ರಗಳ ಗಡಿಯಾರ ಇದೆಯಲ್ಲ, ಅದನ್ನು ಎಳೆದು ಮಾರ್ಚ್-ಏಪ್ರಿಲ್‌ನ ಚಿತ್ರ ಹುಡುಕಿ. ಕೆರೆ ಒಣಗಿ ಬೋಳಾಗಿ ಕಾಣುತ್ತೆ, ನೋಡೋಕೆ ಚೆನ್ನಾಗಿರಲ್ಲ, ಆದರೆ ಹುಲ್ಲು ಇಲ್ಲದಾಗಲೇ ಕಾಲುವೆಯ ಗುರುತು ಹೊಲದ ಮಧ್ಯೆ ಎದ್ದು ಕಾಣೋದು.

ಫ್ಲೆಕ್ಸ್ಅಂಗಡಿ:

ದೊಡ್ಡದು ಮಾಡಿಸುವ ಮುಂಚೆ ಪೂರ್ತಿ ಸೈಜಿನ ಫೈಲಿಂದ ಎ4ರಷ್ಟು ಜಾಗ ಕತ್ತರಿಸಿ, ಕುಗ್ಗಿಸದೆ, ಅದೇ ಮೀಡಿಯಾದ (ಪ್ರಿಂಟ್ ಹಾಕುವ ಹಾಳೆ) ಮೇಲೆ ಒಂದು ಪ್ರಿಂಟ್ ಕೇಳಿ. ಜಾಲಿ ಜಾಸ್ತಿ ಇರುವ ಭಾಗವನ್ನೇ ಆರಿಸಿ, ಕತ್ತಲು ಎಷ್ಟು ಎತ್ತಬೇಕು ಅಂತ ಅಲ್ಲೇ ಗೊತ್ತಾಗುತ್ತೆ.